ಮೈಕ್ರೋಸ್ಕೋಪಿಕ್ ಎಂದು ನಾನು ಬರೆದದ್ದು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ನಾನು ಸೂಲಿಬೆಲೆಯಿಂದ ಮೂರು ಮೈಲಿ ದೂರದ ಒಂದು ಹಳ್ಳಿಯಲ್ಲಿ ಕೆಲಸಕ್ಕಿದ್ದೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರು ಮಾಡಿ ರೈತರಿಗೆ ಕೊಡುವ ಮನೆ ಅದು. ಊರವರು ಅದನ್ನು ಬಿತ್ತನೆ ಮನೆ ಅನ್ನುತ್ತಿದ್ದರು. ಮಾಲೀಕರು ಹೊಸಕೋಟೆಯಲ್ಲಿದ್ದರು. ನನಗೆ ಆಗ ಇಪ್ಪತ್ತಮೂರು ವರ್ಷ. ನಮ್ಮೂರು ರಾಜಘಟ್ಟದ ಪಕ್ಕದ ಹಳ್ಳಿ. ದೊಡ್ಡಬಳ್ಳಾಪುರಕ್ಕೆ ನಡೆದು ಹೋಗಿ ಹೈಸ್ಕೂಲು ಮುಗಿಸಿದ್ದೆ. ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ಹೋದ ಮೇಲೆ ಹೊಲ ಅಣ್ಣಂದಿರ ಕೈಯಲ್ಲಿತ್ತು, ಅವರವರ ಸಂಸಾರದಲ್ಲಿ ಅವರಿದ್ದರು. ನನ್ನ ಹೆಸರಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ. ಟಪಾಲಿನವನು ವಾರಕ್ಕೆರಡು ಸಲ ಬರುತ್ತಿದ್ದ, ಬಾಗಿಲ ಮುಂದೆ ಸೈಕಲ್ಲು ನಿಲ್ಲಿಸದೆ ಹಾಗೇ ಹೋಗುತ್ತಿದ್ದ.

ಕೆಲಸ ಹೀಗಿತ್ತು. ಗೂಡು ಒಡೆದು ಬಂದ ಹೆಣ್ಣು ಚಿಟ್ಟೆಯನ್ನು ಹಾಳೆಯ ಮೇಲೆ ಬಿಟ್ಟು, ಅದರ ಮೇಲೆ ತಗಡಿನ ಪುಟ್ಟ ಮುಚ್ಚಳ ಕವುಚಿಡುವುದು. ರಾತ್ರಿ ಕಳೆಯುವುದರೊಳಗೆ ಅದು ಮೊಟ್ಟೆ ಇಟ್ಟಿರುತ್ತದೆ. ಬೆಳಿಗ್ಗೆ ಆ ಚಿಟ್ಟೆಯನ್ನು ಚಿಕ್ಕ ಕಲ್ಬತ್ತಿನಲ್ಲಿ ಹಾಕಿ, ಒಂದು ಹನಿ ನೀರು ಬಿಟ್ಟು ಅರೆಯಬೇಕು. ಆ ರಸವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ತಾಯಿ ಚಿಟ್ಟೆಗೆ ಗಂಟು ರೋಗ ಇದ್ದರೆ ಅಲ್ಲಿ ಅಕ್ಕಿ ಕಾಳಿನ ಆಕಾರದ, ತಣ್ಣಗೆ ಹೊಳೆಯುವ ಕಣಗಳು ಕಾಣುತ್ತವೆ. ಹಾಗೆ ಕಂಡರೆ ಅದರ ಮೊಟ್ಟೆ ಸುಡಬೇಕು. ಯಾಕೆಂದರೆ ಆ ರೋಗ ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ ಇಳಿಯುತ್ತದೆ. ಒಂದು ಹುಳುವಿಗೆ ಬಂದರೆ ತಟ್ಟೆ ತಟ್ಟೆಗೂ ಹರಡುತ್ತದೆ.

ಊರಿಗೆ ಕರೆಂಟು ಬಂದಿರಲಿಲ್ಲ. ಕಿಟಕಿಯ ಬೆಳಕನ್ನು ಕನ್ನಡಿಯಲ್ಲಿ ಹಿಡಿದು ಮೇಲಕ್ಕೆ ತಿರುಗಿಸಿ ನೋಡಬೇಕಾಗಿತ್ತು. ಆದ್ದರಿಂದ ಹೊತ್ತು ಹುಟ್ಟಿ ಹೊತ್ತು ಇಳಿಯುವವರೆಗೆ ನಾನು ಆ ಕಿಟಕಿಯ ಪಕ್ಕ, ಎಡಗಣ್ಣು ಮುಚ್ಚಿ ಬಲಗಣ್ಣು ಕೊಳವೆಗಿಟ್ಟು ಕೂತಿರುತ್ತಿದ್ದೆ. ಚಿಟ್ಟೆ ಬಿಡಿಸಲು ಬರುತ್ತಿದ್ದ ಇಬ್ಬರು ಹೆಂಗಸರು ಬಿಸಿಲು ಏರುವ ಮುಂಚೆಯೇ ಮನೆಗೆ ಹೋಗಿಬಿಡುತ್ತಿದ್ದರು. ಆಮೇಲೆ ಕಲ್ಬತ್ತಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರೆದ ಚಿಟ್ಟೆಯ ವಾಸನೆ ನನ್ನ ಅಂಗಿಗೆ, ಕೂದಲಿಗೆ, ಉಗುರಿಗೆ ಹತ್ತಿತ್ತು. ಭಾವಿಕಟ್ಟೆಯಲ್ಲಿ ನಾನು ನಿಂತರೆ ಪಕ್ಕದವರು ಮಾತಾಡುತ್ತಲೇ ಒಂದು ಹೆಜ್ಜೆ ಆಚೆ ಸರಿಯುತ್ತಿದ್ದರು. ಬೇಕೆಂದು ಮಾಡುತ್ತಿರಲಿಲ್ಲ. ಅವರಿಗೇ ಗೊತ್ತಾಗುತ್ತಿರಲಿಲ್ಲ ಅನ್ನಿಸುತ್ತದೆ.

ನನ್ನ ಹತ್ತಿರ ಬಂದು ಕೂತು ಮಾತಾಡುತ್ತಿದ್ದವಳು ಒಬ್ಬಳೇ. ಬಿತ್ತನೆ ಮನೆಯ ಹಿಂದಿನ ಬೀದಿಯ ಹೆಂಗಸು, ನಲವತ್ತರ ಆಸುಪಾಸು. ಗಂಡ ಸತ್ತು ಏಳೆಂಟು ವರ್ಷವಾಗಿತ್ತು. ಒಬ್ಬಳೇ ಮಗಳು, ಅವಳನ್ನು ಮಾಲೂರಿನ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದಳು. ಅರ್ಧ ಎಕರೆ ಹಿಪ್ಪುನೇರಳೆ ತೋಟ ಇಟ್ಟುಕೊಂಡು, ಸೊಪ್ಪು ಕೊಯ್ಯುವುದರಿಂದ ಹಿಡಿದು ಗೂಡು ಬಿಡಿಸುವವರೆಗೆ ಎಲ್ಲ ತಾನೇ ಮಾಡುತ್ತಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ. ಅವಳು ನನ್ನನ್ನು ತಮ್ಮಾ ಅನ್ನುತ್ತಿದ್ದಳು.

ಮೊದಲ ಸಲ ಅವಳು ಬಂದದ್ದು ಮೊಟ್ಟೆ ಹಾಳೆ ಕೇಳುವುದಕ್ಕಲ್ಲ. ಕಿಟಕಿಯ ಹೊರಗೆ ಸೊಪ್ಪಿನ ಹೊರೆ ಇಳಿಸಿ, ಸರಳುಗಳ ನಡುವೆ ಮುಖ ಇಟ್ಟು ಕೇಳಿದಳು.

"ಏನ್ ತಮ್ಮಾ, ಬೆಳಗಿಂದ ಒಂದೇ ಕಣ್ಣಲ್ಲಿ ನೋಡ್ತಿದ್ದೀಯ. ಅದರೊಳಗೆ ಯಾರಿದ್ದಾರೆ?"

ನಾನು ಒಳಗೆ ಕರೆದೆ. ತೋರಿಸುವುದಕ್ಕೆ ಚಿಟ್ಟೆಯ ರಸಕ್ಕಿಂತ ಚೆಂದದ್ದು ಬೇಕೆಂದು, ಊರಾಚೆ ಮಳೆನೀರು ನಿಲ್ಲುವ ಕುಂಟೆಯಿಂದ ತಂದಿಟ್ಟಿದ್ದ ನೀರನ್ನು ಒಂದು ಹನಿ ಗಾಜಿನ ಮೇಲೆ ಬಿಟ್ಟೆ. ಅವಳು ಎರಡು ಕಣ್ಣನ್ನೂ ಬಿಟ್ಟುಕೊಂಡು ನೋಡಿ, ಏನೂ ಇಲ್ಲ ಅಂದಳು. ಒಂದು ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಅವಳಿಗೆ ಒಂದೇ ಕಣ್ಣು ಮುಚ್ಚಲು ಬರಲಿಲ್ಲ. ಕೊನೆಗೆ ಸೆರಗಿನಿಂದ ಒಂದು ಕಣ್ಣನ್ನು ಒತ್ತಿ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಉಸಿರೇ ಬಿಡಲಿಲ್ಲ.

"ಅಯ್ಯೋ, ಓಡ್ತಾವೆ ಕಣೋ! ಇಷ್ಟು ಸಣ್ಣವಕ್ಕೆ ಎಲ್ಲಿಗೋಗೋ ಅವಸರ?"

ಆ ಸಲ ಅವಳು ನಕ್ಕ ಹಾಗೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಆವತ್ತಿನಿಂದ ವಾರಕ್ಕೆ ಎರಡು ಮೂರು ಸಲ ಬರುತ್ತಿದ್ದಳು. ಬರುವಾಗ ಸೊಪ್ಪಿನೆಸರಿನ ಬೋಗುಣಿಯನ್ನೋ ಹಸಿ ಅವರೆಕಾಯನ್ನೋ ತರುತ್ತಿದ್ದಳು. ನಾನು ಮುದ್ದೆ ಕಟ್ಟುವುದನ್ನು ನೋಡಿ ಒಂದು ದಿನ ಕೋಲನ್ನೇ ಕಿತ್ತುಕೊಂಡಳು. ಮಗಳ ವಿಷಯವನ್ನೇ ಹೆಚ್ಚಾಗಿ ಆಡುತ್ತಿದ್ದಳು. ಮಗಳಿಗೆ ಆಗ ಐದು ತಿಂಗಳು. ಚೊಚ್ಚಲು.

"ಮುಂದಿನ ಬೆಳೆ ಗೂಡು ಕಟ್ಟಿದ ಮೇಲೆ ಕರ್ಕೊಂಡು ಬರ್ತೀನಿ. ಹೆರಿಗೆ ಆಗಿ ಮೂರು ತಿಂಗಳು ಇಲ್ಲೇ ಇರ್ತಾಳೆ. ಅಷ್ಟು ದಿನ ನನ್ನ ಮನೇಲಿ ಮಾತಿರುತ್ತೆ ತಮ್ಮಾ."

ಮಾತಿರುತ್ತೆ ಅನ್ನುವುದನ್ನು ಅವಳು, ಅಕ್ಕಿ ಇರುತ್ತೆ, ಎಣ್ಣೆ ಇರುತ್ತೆ ಅನ್ನುವ ಹಾಗೆ ಹೇಳಿದಳು. ನನಗೆ ಅದು ಎಷ್ಟು ಅರ್ಥವಾಯಿತೆಂದು ಅವಳಿಗೆ ಹೇಳಲಿಲ್ಲ.

ಇನ್ನು ನಮ್ಮ ಯಜಮಾನರ ವಿಷಯ. ಅವರಿಗೆ ಇಂಗ್ಲಿಷ್ ಎಂದರೆ ಬಹಳ ಪ್ರೀತಿ. ಪೇಟ, ಕರಿ ಕೋಟು, ಕಚ್ಚೆಪಂಚೆ, ಜೇಬಿನಲ್ಲಿ ಪೆನ್ನು. ವಾರಕ್ಕೊಮ್ಮೆ ನಾನು ಅವರಿಗೆ ವರದಿ ಕಳಿಸಬೇಕಾಗಿತ್ತು, ಅದು ಇಂಗ್ಲಿಷಿನಲ್ಲೇ ಇರಬೇಕಾಗಿತ್ತು. ಅಚ್ಚು ಹಾಕಿಸಿದ ಫಾರಂ ಕೊಟ್ಟಿದ್ದರು. ಕೊನೆಯಲ್ಲಿ ಷರಾ ಬರೆಯುವ ಕಲಂ ಒಂದು ಬೆರಳಿನಷ್ಟು ಅಗಲ. ಅಷ್ಟರಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಬೇಕು. ನಾನು ಅಕ್ಷರ ಸಣ್ಣ ಮಾಡಿ ತುರುಕುತ್ತಿದ್ದೆ. ಒಂದು ಸಲ ಹೊಸಕೋಟೆಗೆ ಹೋಗಿದ್ದಾಗ ಅವರು ನನ್ನ ಫಾರಮ್ಮನ್ನು ದೂರ ಹಿಡಿದು, "ಏನ್ರೀ ಇದು, ನಿಮ್ಮ ಮೈಕ್ರೋಸ್ಕೋಪಿಕ್ ಅಕ್ಷರ! ಓದೋಕೆ ನಿಮ್ಮ ಮೆಷೀನೇ ತರಬೇಕು" ಎಂದು ನಕ್ಕರು. ಅಲ್ಲಿದ್ದವರೂ ನಕ್ಕರು. ಅವರು ಆ ಪದವನ್ನು ಆಗಾಗ ಆಡುತ್ತಿದ್ದರು. ಹೋಟೆಲಿನವನು ಕೊಟ್ಟ ಚಟ್ನಿ ಮೈಕ್ರೋಸ್ಕೋಪಿಕ್, ಮುನಿಸಿಪಾಲಿಟಿಯವರು ಮಾಡುವ ಕೆಲಸ ಮೈಕ್ರೋಸ್ಕೋಪಿಕ್.

ನಾನು ಆ ಪದವನ್ನು ಕಲಿತದ್ದು ಬೇರೆ ಕಡೆ. ಕೆಲಸಕ್ಕೆ ಸೇರುವ ಮುಂಚೆ ಮೂರು ತಿಂಗಳು ತರಬೇತಿಯಿತ್ತು. ಅಲ್ಲಿ ಕರಿಹಲಗೆಯ ಮೇಲೆ ಮೊದಲ ದಿನ ಬರೆದದ್ದೇ 'ಮೈಕ್ರೋಸ್ಕೋಪಿಕ್ ಎಗ್ಸಾಮಿನೇಷನ್' ಅಂತ. ಮೈಕ್ರೋಸ್ಕೋಪಿನಲ್ಲಿ ನೋಡುವುದು, ಅಷ್ಟೇ ಅದರ ಅರ್ಥವೆಂದು ನಾನು ತಿಳಿದಿದ್ದೆ. ನಾನು ಕಲಿತ ಇಂಗ್ಲಿಷಿನಲ್ಲಿ ಅದೇ ಅತಿ ಉದ್ದದ, ಅತಿ ಘನವಾದ ಪದ. ಅದನ್ನು ಬರೆಯುವಾಗ ನಾನು ದೊಡ್ಡ ಕೆಲಸದಲ್ಲಿದ್ದೇನೆ ಅನ್ನಿಸುತ್ತಿತ್ತು. ಪ್ರತಿ ವರದಿಯಲ್ಲೂ ಅದನ್ನು ಎಲ್ಲಾದರೂ ಒಂದು ಕಡೆ ಹಾಕುತ್ತಿದ್ದೆ. ಯಜಮಾನರು ಅದನ್ನು ಚಟ್ನಿಗೆ ಹೇಳಿದಾಗ, ದೊಡ್ಡವರು ತಮಾಷೆಗೆ ಹೇಳುತ್ತಾರೆ ಅಂದುಕೊಂಡೆ. ಅದರ ಬಗ್ಗೆ ಮತ್ತೆ ಯೋಚನೆ ಮಾಡಲಿಲ್ಲ.

ಯುದ್ಧದಿಂದ ರೇಷ್ಮೆಗೆ ಬೇಡಿಕೆ ಏರಿತು. ವಿಮಾನದಿಂದ ಹಾರುವವರ ಕೊಡೆಗೆ ನಮ್ಮ ರೇಷ್ಮೆ ಬೇಕಂತೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಮೊಟ್ಟೆ ಹಾಳೆಗಳನ್ನು ಬೇಗ ಬೇಗ ಕೊಡಬೇಕೆಂದು ಯಜಮಾನರಿಂದ ಅಪ್ಪಣೆ ಬಂತು. ಪ್ರತಿ ಚಿಟ್ಟೆಯನ್ನೂ ನೋಡುತ್ತ ಕೂರಬೇಡಿ, ಒಂದು ತಂಡದಲ್ಲಿ ಇಪ್ಪತ್ತು ನೋಡಿ, ರೋಗ ಕಂಡರೆ ವರದಿ ಮಾಡಿ, ಮುಂದೇನೆಂದು ನಾನು ಹೇಳುತ್ತೇನೆ ಎಂದರು. ನನಗೆ ಅದು ಸರಿ ಕಾಣಲಿಲ್ಲ. ಆದರೆ ಕಣ್ಣಿಗೆ ವಿಶ್ರಾಂತಿ ಸಿಕ್ಕಿತಲ್ಲ ಅಂತ ಒಳಗೊಳಗೆ ಸಂತೋಷವೂ ಆಯಿತು.

ಎರಡು ಮೂರು ತಂಡ ಚೆನ್ನಾಗಿಯೇ ಹೋದವು. ಆಮೇಲೆ ಒಂದು ದಿನ, ಹೊಸ ತಂಡದ ನಾಲ್ಕನೇ ಚಿಟ್ಟೆಯಲ್ಲಿ ಕಣಗಳು ಕಂಡವು. ಗಾಜು ಒರೆಸಿ ಮತ್ತೆ ನೋಡಿದೆ. ಅಲ್ಲೇ ಇದ್ದವು, ಗುಂಪು ಗುಂಪಾಗಿ, ಒಂದೊಂದೂ ತನ್ನಷ್ಟಕ್ಕೆ ಹೊಳೆಯುತ್ತ. ಹನ್ನೊಂದನೆಯದರಲ್ಲಿ, ಹದಿನೇಳನೆಯದರಲ್ಲಿ ಕೂಡ. ಇಪ್ಪತ್ತಕ್ಕೆ ಮೂರು. ಇಡೀ ತಂಡವನ್ನು ಸುಡಬೇಕಾದ ಲೆಕ್ಕ ಅದು. ಫಾರಂ ತೆಗೆದು ಷರಾದ ಕಲಮಿನಲ್ಲಿ, ನನಗೆ ಬರುವ ಅತ್ಯುತ್ತಮ ಇಂಗ್ಲಿಷಿನಲ್ಲಿ ಬರೆದೆ: 'ಮೈಕ್ರೋಸ್ಕೋಪಿಕ್ ಡಿಸೀಸ್ ಫೌಂಡ್. ಆರ್ಡರ್ಸ್ ಸಾಲಿಸಿಟೆಡ್.' ಮೈಕ್ರೋಸ್ಕೋಪಿನಲ್ಲಿ ರೋಗ ಕಂಡಿದೆ, ಅಪ್ಪಣೆಯಾಗಬೇಕು ಎಂದು ನನ್ನ ಅರ್ಥ. ಇಪ್ಪತ್ತಕ್ಕೆ ಮೂರು ಎಂದು ಬರೆಯಲು ಜಾಗ ಉಳಿದಿರಲಿಲ್ಲ. ಉಳಿದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ವಾಕ್ಯ ಹಾಗೆಯೇ ಚೆಂದ ಕಾಣುತ್ತಿತ್ತು.

ಬೆಳಗಿನ ಬಸ್ಸಿನವನ ಕೈಯಲ್ಲಿ ಫಾರಂ ಕಳಿಸಿದೆ. ಮಾರನೆಯ ದಿನ ಸಂಜೆಗೆ ಅದೇ ಫಾರಂ ವಾಪಸು ಬಂತು. ನನ್ನ ವಾಕ್ಯದ ಕೆಳಗೆ ಯಜಮಾನರ ನೀಲಿ ಶಾಯಿ: 'ಸೀನ್. ವೆರಿ ಗುಡ್. ರಿಲೀಸ್ ದ ಲಾಟ್.' ನೋಡಿದ್ದೇನೆ, ಬಹಳ ಒಳ್ಳೆಯದು, ಮೊಟ್ಟೆ ಕೊಟ್ಟುಬಿಡಿ.

ಆ ಮೂರು ಮಾತನ್ನು ನಾನು ನಿಂತಲ್ಲೇ ಎಷ್ಟು ಸಲ ಓದಿದೆನೋ. ರೋಗ ಇದೆ ಎಂದರೆ ವೆರಿ ಗುಡ್ ಅನ್ನುತ್ತಾರಲ್ಲ ಎಂದು ಮನಸ್ಸಿಗೆ ಬಂತು. ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಸಕೋಟೆಗೆ ಬಸ್ಸಿತ್ತು. ಹೋಗಿ ಬರುವುದಕ್ಕೆ ಅರ್ಧ ದಿನ ಸಾಕಿತ್ತು. ಆದರೆ ಯಜಮಾನರು ನನಗಿಂತ ತಿಳಿದವರು, ಇಪ್ಪತ್ತು ವರ್ಷದಿಂದ ಈ ವ್ಯಾಪಾರ ಮಾಡಿದವರು, ಅವರ ಲೆಕ್ಕ ಬೇರೆ ಇರಬಹುದು ಅಂದುಕೊಂಡೆ. ಇನ್ನೂ ಒಂದು ಕಾರಣವಿತ್ತು, ಅದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ವರದಿಯ ಮೇಲೆ ಯಾರಾದರೂ ವೆರಿ ಗುಡ್ ಎಂದು ಬರೆದದ್ದು ಅದೇ ಮೊದಲು. ಹೋಗಿ ಕೇಳಿದರೆ ಆ ಮೆಚ್ಚುಗೆ ನನ್ನದಲ್ಲ ಎಂದು ಗೊತ್ತಾಗಬಹುದೆಂಬ ಅಳುಕಿತ್ತು.

ಹಾಳೆಗಳನ್ನು ಕೊಟ್ಟುಬಿಟ್ಟೆ. ಮೂರು ಮನೆಗೆ ಹೋದವು. ಅದರಲ್ಲಿ ಒಂದು ಅಕ್ಕನ ಮನೆ. ಅವಳು ಹಾಳೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಎದೆಗೆ ಒತ್ತಿ ಹಿಡಿದುಕೊಂಡು, "ನೀನೇ ನೋಡಿದ್ದಾ ತಮ್ಮಾ?" ಎಂದು ಕೇಳಿದಳು. "ನಾನೇ ನೋಡಿದ್ದು ಅಕ್ಕಾ" ಅಂದೆ.

ಮೊಟ್ಟೆ ಒಡೆದು ಹುಳು ಬಂದಾಗಲೇ ಸಮ ಇರಲಿಲ್ಲವಂತೆ. ಕೆಲವು ಬೇಗ, ಕೆಲವು ತಡ. ರೇಷ್ಮೆ ಹುಳು ನಾಲ್ಕು ಸಲ ಸೊಪ್ಪು ಬಿಟ್ಟು ತಲೆ ಎತ್ತಿ ಮಲಗಿ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಎರಡನೇ ಜ್ವರದವರೆಗೆ ಅಕ್ಕ ಏನೂ ಹೇಳಲಿಲ್ಲ. ಹಗಲೆಲ್ಲ ಸೊಪ್ಪು ಹೆಚ್ಚಿ ಹಾಕುವುದರಲ್ಲಿ ಇದ್ದಳು, ನನ್ನ ಕಡೆ ಬರಲು ಹೊತ್ತಿರಲಿಲ್ಲ. ಮೂರನೇ ಜ್ವರ ಎದ್ದ ಮೇಲೆ ಒಂದು ಮಧ್ಯಾಹ್ನ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಬಂದಳು. ಒಂದೇ ತಟ್ಟೆಯಲ್ಲಿ ಬೆರಳುದ್ದದ ಹುಳು, ಉಗುರುದ್ದದ ಹುಳು. ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಸೊಪ್ಪು ಹಾಗೇ ಬಾಡಿ ಬಿದ್ದಿತ್ತು.

"ನಿನ್ನ ಭೂತಗನ್ನಡೀಲಿ ನೋಡು ತಮ್ಮಾ. ಯಾಕಿಂಗಾಗವೆ? ನಾನೇನು ತಪ್ಪು ಮಾಡ್ದೆ? ಸೊಪ್ಪು ಒದ್ದೆ ಇತ್ತಾ? ಮೈಲಿಗೆ ಏನಾದ್ರೂ ಆಯ್ತಾ?"

ನೋಡುವ ಅಗತ್ಯವೇ ಇರಲಿಲ್ಲ. ಆದರೂ ಒಂದು ಹುಳುವನ್ನು ಅರೆದು ಗಾಜಿನ ಮೇಲಿಟ್ಟೆ. ಕೊಳವೆಗೆ ಕಣ್ಣಿಟ್ಟುಕೊಂಡು, ಅಲ್ಲಿಂದ ತಲೆ ಎತ್ತುವುದಕ್ಕೆ ಆಗದೆ ಬಹಳ ಹೊತ್ತು ಹಾಗೇ ಬಗ್ಗಿದ್ದೆ. ಅವಳು ಕಾಯುತ್ತಿದ್ದಳು. ಅವಳ ಬಳೆಯ ಸದ್ದು ನನಗೆ ಕೇಳಿಸುತ್ತಿತ್ತು.

"ನೀನೇನೂ ಮಾಡಿಲ್ಲ ಅಕ್ಕಾ" ಅಂದೆ. "ಮೊಟ್ಟೇಲೇ ಇತ್ತು. ನನಗೆ ಕಂಡಿತ್ತು. ನಾನು ಇಂಗ್ಲಿಷಲ್ಲಿ ಬರೆದು ಕಳಿಸಿದೆ. ಯಜಮಾನರು ಕೊಡು ಅಂದ್ರು."

"ಕಂಡಿತ್ತಾ?"

"ಹೂಂ."

"ನಾನು ಕೇಳ್ದಾಗ, ನೀನೇ ನೋಡಿದ್ದಾ ಅಂತ ಕೇಳ್ದಾಗ, ಕಂಡಿತ್ತಾ?"

ನಾನು ಹೌದೆಂದು ತಲೆ ಆಡಿಸಿದೆ. ಬಯ್ಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ತಟ್ಟೆಯನ್ನು ಮತ್ತೆ ಸೊಂಟಕ್ಕೆತ್ತಿಕೊಂಡು, ಒಂದು ಹುಳು ಕೆಳಗೆ ಬಿದ್ದಿತ್ತು, ಅದನ್ನೂ ಬಗ್ಗಿ ಎತ್ತಿ ತಟ್ಟೆಗೆ ಹಾಕಿಕೊಂಡು ಹೊರಟುಹೋದಳು.

ಉಳಿದ ಎರಡು ಮನೆಯವರು ಮಾರನೆಯ ದಿನ ಬಂದು ಬಾಗಿಲಲ್ಲಿ ಗಲಾಟೆ ಮಾಡಿದರು. "ಏನಯ್ಯಾ, ಸಂಬಳ ತಗೊಂಡು ಕಣ್ಣು ಮುಚ್ಕೊಂಡು ಕೂತಿದ್ದಾ?" ಎಂದು ಒಬ್ಬ ನನ್ನ ಅಂಗಿ ಹಿಡಿದ. ನಾನು ಹಿಡಿಸಿಕೊಂಡೆ. ಅದೇನೂ ದೊಡ್ಡದು ಅನ್ನಿಸಲಿಲ್ಲ. ಅವರು ಕೂಗಾಡಿ ಹೋದ ಮೇಲೆ ಹೊಸಕೋಟೆಯ ಬಸ್ಸು ಹತ್ತಿದೆ.

ಯಜಮಾನರು ನನ್ನ ಮಾತು ಕೇಳಿ ಮೊದಲು ಬಿಳಿಚಿಕೊಂಡರು, ಆಮೇಲೆ ಸಿಟ್ಟಾದರು. ಕಡತದಿಂದ ಆ ವಾರದ ನಕಲು ತೆಗೆಸಿ ನನ್ನ ಮುಂದೆ ಹಿಡಿದರು.

"ಏನ್ ಬರೆದಿದ್ದೀರಿ ಓದ್ರೀ. ಮೈಕ್ರೋಸ್ಕೋಪಿಕ್ ಡಿಸೀಸ್! ಅಂದ್ರೆ ಏನ್ರೀ ಅರ್ಥ? ಇದೆ ಅನ್ನೋಷ್ಟೂ ಇಲ್ಲ ಅಂತ ತಾನೇ? ಅಷ್ಟು ಕಡಿಮೆ ಇದೆಯಲ್ಲ ಅಂತ ವೆರಿ ಗುಡ್ ಅಂದೆ. ಜಾಸ್ತಿ ಇದ್ದಿದ್ರೆ ಜಾಸ್ತಿ ಇದೆ ಅಂತ ಬರೀಬೇಕಿತ್ತು!"

"ನಾನು ಮೈಕ್ರೋಸ್ಕೋಪಲ್ಲಿ ಕಂಡ ರೋಗ ಅಂತ ಬರೆದೆ ಸಾರ್."

"ರೋಗ ಇನ್ನೆಲ್ಲಿ ಕಾಣುತ್ರೀ, ದುರ್ಬೀನಲ್ಲಾ?"

ಅವರು ಕೆಟ್ಟವರಲ್ಲ. ಮೂರೂ ಮನೆಯವರಿಗೆ ಮುಂದಿನ ಬೆಳೆಗೆ ಮೊಟ್ಟೆ ಪುಕ್ಕಟೆ ಕೊಡಿ ಅಂದರು. ಕೆಲಸ ಬಿಡಿಸಲಿಲ್ಲ. ಬಾಗಿಲು ದಾಟುವಾಗ ನಾನು ಧೈರ್ಯ ಮಾಡಿ, ಇನ್ನು ಮೇಲೆ ಪ್ರತಿ ಚಿಟ್ಟೆಯನ್ನೂ ನೋಡುತ್ತೇನೆ ಅಂದೆ. ಅವರು ಬೇಡ ಅನ್ನಲಿಲ್ಲ.

ವಾಪಸು ಬರುವಾಗ ಸೂಲಿಬೆಲೆಯಲ್ಲಿ ಇಳಿದು ಮೇಷ್ಟರ ಮನೆಗೆ ಹೋದೆ. ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮುದುಕರು ಅವರು, ಕಣ್ಣಿಗೆ ಪೊರೆ ಬಂದಿತ್ತು. ಭಾನುವಾರ ಬಿಡುವಿದ್ದಾಗ ನಾನು ಹೋಗಿ ಅವರಿಗೆ ಹಳೆಯ ಪೇಪರು ಓದಿ ಹೇಳುತ್ತಿದ್ದೆ. ಅವರು ನನ್ನ ಉಚ್ಚಾರಣೆ ತಿದ್ದುತ್ತಿದ್ದರು. ಆವತ್ತು ಜಗಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಒಳಗಿನಿಂದ ಡಿಕ್ಷನರಿ ತರಿಸಿದರು. ಇಟ್ಟಿಗೆಯಷ್ಟು ದಪ್ಪ, ಇರುವೆ ಸಾಲಿನಂಥ ಅಕ್ಷರ. "ಓದು" ಅಂದರು. ನಾನು ಓದಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ನೋಡಪ್ಪಾ, ಬರಿಗಣ್ಣಿಗೆ ಕಾಣದ್ದಕ್ಕೆ ಆ ಮಾತು ಹೇಳ್ತಾರೆ. ಅದು ಸರಿಯಾದ ಅರ್ಥ. ಕಣ್ಣಿಗೆ ಕಾಣೋದನ್ನೇ, ತೀರಾ ಚೂರು ಅಂತ ಹೀಯಾಳಿಸೋಕೂ ಹೇಳ್ತಾರೆ. ನಿಮ್ಮ ಯಜಮಾನರ ಚಟ್ನಿ ಹಾಗೆ. ಇನ್ನು ಪರೀಕ್ಷೆ, ಶೋಧನೆ, ಇಂಥ ಮಾತಿಗೆ ಅಂಟಿ ಬಂದ್ರೆ, ನೋಡೋ ರೀತಿಗೆ ಸೇರುತ್ತೆ, ನೋಡಿದ ವಸ್ತುವಿಗಲ್ಲ. ನೀನು ಅದನ್ನ ತಂದು ರೋಗಕ್ಕೆ ಅಂಟಿಸಿದೆ. ರೋಗಕ್ಕೆ ಅಂಟಿದ್ರೆ ರೋಗವೇ ಸಣ್ಣದಾಗಿಬಿಡುತ್ತೆ."

"ರೋಗ ನಿಜವಾಗ್ಲೂ ಸಣ್ಣದೇ ಸಾರ್. ಕಣ್ಣಿಗೆ ಕಾಣಲ್ಲ."

"ಅದೇ ನೋಡು ವಿಚಿತ್ರ. ನಮ್ಮಲ್ಲಿ ಸೂಕ್ಷ್ಮ ಅಂತೀವಿ. ವಿಷಯ ಸೂಕ್ಷ್ಮ ಅಂದ್ರೆ ನಮ್ಮವನು ಹುಷಾರಾಗ್ತಾನೆ, ದನಿ ತಗ್ಗಿಸ್ತಾನೆ. ಅದೇ ಮಾತು ಇಂಗ್ಲಿಷಿಗೆ ಹೋದ್ರೆ, ಬಿಡಪ್ಪಾ, ಏನೂ ಇಲ್ಲ ಅಂತ ಕೈ ಒದರಿಬಿಡ್ತಾನೆ."

ಹೀಗೆ ಅವರು ಸ್ವಲ್ಪ ಹೊತ್ತು ಪಾಠ ಮಾಡುವ ಖುಷಿಯಲ್ಲಿದ್ದರು. ನನಗೂ ಸಮಾಧಾನ ಆಗುತ್ತಿತ್ತು. ತಪ್ಪು ಒಂದು ಪದದ್ದು, ನನ್ನದಲ್ಲ ಅನ್ನುವ ಕಡೆ ಮನಸ್ಸು ವಾಲುತ್ತಿತ್ತು. ಅಷ್ಟರಲ್ಲಿ ಅವರು ಕೇಳಿದರು.

"ವೆರಿ ಗುಡ್ ಅಂತ ವಾಪಸ್ ಬಂದಾಗ ನಿನಗೆ ಸಂಶಯ ಬಂತಾ?"

"ಬಂತು ಸಾರ್."

"ಹೋಗಿ ಕೇಳಿದೆಯಾ?"

"ಇಲ್ಲ."

"ಹಾಗಿದ್ರೆ ಡಿಕ್ಷನರಿ ಮುಚ್ಚು" ಅಂದರು. ಗದರಿಸಲಿಲ್ಲ. ಒಳಗೆ ಹೇಳಿ ನನಗೆ ಒಂದು ಲೋಟ ಮಜ್ಜಿಗೆ ಕೊಡಿಸಿದರು. ಕುಡಿದು ಮೂರು ಮೈಲಿ ನಡೆದು ಬಂದೆ. ದಾರಿಯ ಎರಡು ಕಡೆಯೂ ರಾಗಿ ತೆನೆ ಒಡೆದಿತ್ತು. ಎದುರಿಗೆ ಒಂದು ಎತ್ತಿನ ಗಾಡಿ ಬಂದು ದಾಟಿತು. ಅದರವನು ಯಾವೂರು ಎಂದು ಕೇಳಿದ. ಕೈ ಬೀಸಿ ಮುಂದೆ ತೋರಿಸಿದೆ.

ಅಕ್ಕ ಹುಳುವನ್ನೆಲ್ಲ ಗುಂಡಿ ತೋಡಿ ಹೂತಿದ್ದಳು. ರೋಗ ಬಂದ ಮನೆಯನ್ನು ತೊಳೆಯದಿದ್ದರೆ ಮುಂದಿನ ಬೆಳೆಯೂ ಹಾಳಾಗುತ್ತದೆ. ನಾನು ಔಷಧದ ಡಬ್ಬಿ, ಸುಣ್ಣ ತೆಗೆದುಕೊಂಡು ಅವಳ ಮನೆಗೆ ಹೋದೆ. ಅವಳು ಬಾಗಿಲಲ್ಲಿ ನಿಂತು, "ಬನ್ನಿ" ಅಂದಳು. ಬಾ ಎಂದಲ್ಲ, ಬನ್ನಿ ಎಂದು.

ಎರಡು ದಿನ ತಟ್ಟೆಗಳನ್ನೆಲ್ಲ ಹೊರಗೆ ಹಾಕಿ ತೊಳೆದು ಬಿಸಿಲಿಗಿಟ್ಟೆ. ಗೋಡೆಗೆ ಸುಣ್ಣ ಬಳಿದೆ, ನೆಲಕ್ಕೆ ಔಷಧ ಚಿಮುಕಿಸಿದೆ. ಔಷಧದ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಅಡ್ಡ ಬರಲಿಲ್ಲ, ಜೊತೆಗೂ ನಿಲ್ಲಲಿಲ್ಲ. ಮಧ್ಯಾಹ್ನ ಎಲೆ ಹಾಕಿ ಮುದ್ದೆ, ಸಾರು ಬಡಿಸಿ, "ಊಟ ಮಾಡಿ ಸ್ವಾಮಿ" ಎಂದು ಹೇಳಿ ಹಿತ್ತಲಿಗೆ ಹೋದಳು. ಒಳಕೋಣೆಯ ಮೂಲೆಯಲ್ಲಿ ಹೊಸ ಬಿದಿರಿನ ತೊಟ್ಟಿಲು ಇತ್ತು. ಅದನ್ನು ಎತ್ತಿ ಸುಣ್ಣ ಬಳಿಯಬೇಕಾಗಿತ್ತು. ಎತ್ತಿ, ಬಳಿದು, ಮತ್ತೆ ಅಲ್ಲೇ ಇಟ್ಟೆ.

ಮಗಳು ಬರಲಿಲ್ಲ. ಬರಿಗೈಯಲ್ಲಿ ಬಾಣಂತನ ಹೇಗೆ ಮಾಡುವುದು ಎಂದು ಅಕ್ಕನೇ ಬೀಗರಿಗೆ ಹೇಳಿ ಕಳಿಸಿದಳೆಂದು ಚಿಟ್ಟೆ ಬಿಡಿಸುವ ಹೆಂಗಸರು ಮಾತಾಡಿಕೊಂಡರು. ಮಗಳಿಗೆ ಅತ್ತೆ ಮನೆಯಲ್ಲೇ ಹೆರಿಗೆಯಾಯಿತು. ಗಂಡು ಮಗು, ತಾಯಿ ಮಗು ಇಬ್ಬರೂ ಸುಖ. ಅಕ್ಕ ಹೋಗಿ ನಾಲ್ಕು ದಿನ ಇದ್ದು ಬಂದಳು. ಸೊಪ್ಪು ಹಾಳಾಗುತ್ತದೆಂದು ಬಂದುಬಿಟ್ಟಳಂತೆ.

ನಾನು ಹೇಳಿದ ಹಾಗೆ ಪ್ರತಿ ಚಿಟ್ಟೆಯನ್ನೂ ನೋಡತೊಡಗಿದೆ. ಕಣ್ಣು ಕೆಂಪಾಗುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು. ವರದಿಯನ್ನು ಕನ್ನಡದಲ್ಲಿ ಬರೆದು ಕಳಿಸಿದೆ: ಇಷ್ಟು ನೋಡಿದೆ, ಇಷ್ಟರಲ್ಲಿ ರೋಗ ಇತ್ತು, ಇಷ್ಟು ಸುಟ್ಟೆ. ಯಜಮಾನರು ಅದರ ಮೇಲೆ ಏನೂ ಬರೆಯಲಿಲ್ಲ, ಸಹಿ ಮಾತ್ರ ಹಾಕಿ ಕಳಿಸಿದರು. ಅಕ್ಕನ ಮುಂದಿನ ಬೆಳೆ ಚೆನ್ನಾಗಿ ಬಂತು. ಅದರ ಮುಂದಿನದೂ ಬಂತು. ಅವಳು ಮೊಟ್ಟೆ ಹಾಳೆಗೆ ಬರುತ್ತಿದ್ದಳು, ಹೊಸ್ತಿಲ ಆಚೆ ನಿಂತು ತೆಗೆದುಕೊಂಡು ಹೋಗುತ್ತಿದ್ದಳು. ನೀನೇ ನೋಡಿದ್ದಾ ಎಂದು ಮತ್ತೆ ಕೇಳಲಿಲ್ಲ. ನಾನೇ ಹೇಳುತ್ತಿದ್ದೆ, "ಎಲ್ಲ ನೋಡಿದೀನಿ ಅಕ್ಕಾ, ಒಂದೂ ಬಿಟ್ಟಿಲ್ಲ" ಎಂದು. "ಆಯ್ತು ಸ್ವಾಮಿ" ಅನ್ನುತ್ತಿದ್ದಳು. ಆ ಮಾತಿನಲ್ಲಿ ಕೋಪ ಇರಲಿಲ್ಲ. ಅಂಚೆ ಮಾಸ್ತರರ ಹತ್ತಿರ, ಶಾನುಭೋಗರ ಹತ್ತಿರ ಆಡುವ ಹಾಗೆ ನನ್ನ ಹತ್ತಿರವೂ ಆಡುತ್ತಿದ್ದಳು.

ಒಂದು ದಿನ ಕಿಟಕಿಯಿಂದ ನೋಡಿದೆ. ಅವಳು ಸೊಪ್ಪಿನ ಹೊರೆ ಇಳಿಸಿ ಬೇಲಿಯ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದಳು. ನಾನು ಕುಂಟೆಯ ನೀರನ್ನು ಗಾಜಿನ ಮೇಲಿಟ್ಟು ಕಾದೆ. ಕರೆಯುವುದಕ್ಕೆ ಬಾಯಿ ಬರಲಿಲ್ಲ. ಅವಳು ಹೊರೆ ಎತ್ತಿಕೊಂಡು ಹೋದ ಮೇಲೂ ನೀರು ಗಾಜಿನ ಮೇಲೆ ಇತ್ತು. ಮತ್ತೆ ನೋಡುವ ಹೊತ್ತಿಗೆ ಆರಿ, ಒಂದು ಬಿಳಿಯ ಕಲೆ ಮಾತ್ರ ಉಳಿದಿತ್ತು.

ಯುದ್ಧ ಮುಗಿಯಿತು. ರೇಷ್ಮೆಯ ಬೆಲೆ ಬಿತ್ತು. ಯಜಮಾನರು ಬಿತ್ತನೆ ಮನೆಯನ್ನು ಮುಚ್ಚಿ ಸಾಮಾನನ್ನೆಲ್ಲ ಹೊಸಕೋಟೆಗೆ ಸಾಗಿಸಿದರು. ಮೈಕ್ರೋಸ್ಕೋಪನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ನಾನೇ ಕಟ್ಟಿ ಗಾಡಿಗೆ ಹಾಕಿದೆ. ಮೇಷ್ಟರು ಬರೆದುಕೊಟ್ಟ ಕಾಗದದಿಂದ ದೇವನಹಳ್ಳಿಯ ಒಂದು ಶಾಲೆಯಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು.

ಹೊರಡುವ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಮಗಳು ಬಂದಿದ್ದಳು. ನಡೆಯಲು ಕಲಿತಿದ್ದ ಮಗು ಅಂಗಳದಲ್ಲಿ ತಟ್ಟೆ ಬಡಿಯುತ್ತಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ಬಂದಳು.

"ಹೋಗ್ತಾ ಇದೀನಿ ಅಕ್ಕಾ. ದೇವನಹಳ್ಳಿಗೆ."

"ಕೇಳ್ದೆ ಸ್ವಾಮಿ. ಒಳ್ಳೇದಾಯ್ತು ಬಿಡಿ. ಇಲ್ಲಿ ಕಣ್ಣು ಹೋಗ್ತಿತ್ತು ನಿಮಗೆ."

ನಾನು ಏನಾದರೂ ಹೇಳಬೇಕೆಂದು ಬಂದಿದ್ದೆ, ಅದು ಮಗಳ ಮುಂದೆ ಆಡುವ ಮಾತಾಗಿರಲಿಲ್ಲ. ಅಕ್ಕ ಒಳಗೆ ಹೋಗಿ ಹುರಿದ ಅವರೆಕಾಳನ್ನು ಕಾಗದದಲ್ಲಿ ಕಟ್ಟಿ ತಂದು ಕೊಟ್ಟಳು. ದಾರಿಗೆ ಇರಲಿ ಅಂದಳು. ಮಗಳು "ಯಾರಮ್ಮಾ ಇವರು?" ಎಂದು ಕೇಳಿದಳು. "ಮೊಟ್ಟೆ ಮನೆಯವರು ಕಣೇ" ಅಂದಳು ಅಕ್ಕ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವರೆಕಾಳು ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಕೂತವರಿಗೆ ಒಂದು ಹಿಡಿ ಕೊಟ್ಟೆ, ಅವರು ದೇವನಹಳ್ಳಿಗೆ ಮುಂಚೆ ಸಿಗುವ ವಿಜಯಪುರದಲ್ಲಿ ಇಳಿದುಹೋದರು. ದೇವನಹಳ್ಳಿಯಲ್ಲಿ ಶಾಲೆಯ ಹಿಂದೆ ಒಂದು ಕೋಣೆ ಗೊತ್ತುಮಾಡಿದ್ದರು. ಬೀಗದ ಕೈ ಕೊಟ್ಟ ಜವಾನ, ಒಲೆ ಹಿತ್ತಲಲ್ಲಿದೆ, ನೀರು ಕೋಟೆ ಭಾವಿಯಿಂದ ತರಬೇಕು ಎಂದು ಹೇಳಿ ಮನೆಗೆ ಹೋದ. ನಾನು ಟ್ರಂಕನ್ನು ಗೋಡೆಗೆ ಸರಿಸಿ, ಬಿಂದಿಗೆ ಹುಡುಕಿಕೊಂಡು, ಭಾವಿ ಯಾವ ಕಡೆ ಎಂದು ಕೇಳುವುದಕ್ಕೆ ಬೀದಿಗೆ ಇಳಿದೆ.